ಕತ್ತಲಲ್ಲಿ ಶುರುವಾಗುವ ಹಬ್ಬ

ಯೇಸು ಸತ್ತು ಎದ್ದು ಬಂದ ಹಬ್ಬವಾದ ಈಸ್ಟರ್ ಅಂದರೆ ಭಾನುವಾರ ಬೆಳಗಿನ ಬಲಿಪೂಜೆ ಅಂತಲೇ ತುಂಬಾ ಜನರ ಲೆಕ್ಕ. ನನ್ನ ಮಟ್ಟಿಗೆ ಅದು ಶನಿವಾರ ರಾತ್ರಿಯ ಹಬ್ಬ. ಆ ರಾತ್ರಿಯ ಪ್ರಾರ್ಥನೆಯಾದ ಪಾಸ್ಖ ಜಾಗರಣೆ ಬಿಟ್ಟು ನೇರವಾಗಿ ಬೆಳಗಿನ ಪೂಜೆಗೆ ಬಂದರೆ ತಪ್ಪೇನಿಲ್ಲ. ಆದರೆ ಮುಖ್ಯವಾದದ್ದೇ ಕೈತಪ್ಪಿ ಹೋಗಿರುತ್ತದೆ.

ಅವತ್ತು ಚರ್ಚಿನ ದೀಪಗಳೆಲ್ಲ ಆರಿರುತ್ತವೆ. ಹೊರಗೆ ಹೊಸ ಬೆಂಕಿ ಹಚ್ಚುತ್ತಾರೆ. ಗುರುಗಳು ದೊಡ್ಡ ಪಾಸ್ಖ ಮೇಣದಬತ್ತಿಯ ಮೇಲೆ ಶಿಲುಬೆ ಕೊರೆಯುತ್ತಾರೆ. ಮೇಲೆ ಗ್ರೀಕಿನ ಮೊದಲ ಅಕ್ಷರ ಆಲ್ಫಾ, ಕೆಳಗೆ ಕೊನೆಯ ಅಕ್ಷರ ಒಮೆಗಾ, ಶಿಲುಬೆಯ ಸುತ್ತ ಆ ವರ್ಷದ 4 ಅಂಕಿಗಳು. ಆಮೇಲೆ ಕ್ರಿಸ್ತರ ಗಾಯಗಳ ನೆನಪಿಗೆ 5 ಧೂಪದ ಕಾಳು. ಆ ಅಂಕಿಗಳನ್ನು ನೋಡಿದಾಗ ಮನಸ್ಸು ಅಲ್ಲೇ ನಿಲ್ಲುತ್ತದೆ. ಇದು ಎಂದೋ ಮುಗಿದ ಕಥೆಯಲ್ಲ. ಸಾಲ, ಕಾಯಿಲೆ, ಜಗಳ ಎಲ್ಲಾ ಇರುವ ಇದೇ ವರ್ಷದ್ದು ಅಂತ ಮೇಣದ ಮೇಲೆ ಕೊರೆದುಬಿಟ್ಟಿದ್ದಾರಲ್ಲ!

‘ಕ್ರಿಸ್ತರ ಜ್ಯೋತಿ’ ಅಂತ 3 ಸಲ ಹಾಡುತ್ತಾ ಒಳಗೆ ನಡೆಯುವಾಗ ಆ ಉರಿ ಒಬ್ಬರ ಬತ್ತಿಯಿಂದ ಇನ್ನೊಬ್ಬರ ಬತ್ತಿಗೆ ದಾಟುತ್ತದೆ. ಆಮೇಲೆ ಪಾಸ್ಖ ಘೋಷಣೆಯ ಉದ್ದನೆಯ ಹಾಡು. ಅದರಲ್ಲಿ ಮೇಣ ಕೊಟ್ಟ ಜೇನುಹುಳುಗಳ ಹೆಸರೂ ಬರುತ್ತದೆ. ನನಗೆ ಅದು ತುಂಬಾ ಇಷ್ಟ.

‘ಇದೇ ಆ ರಾತ್ರಿ’ ಅಂತ ಮತ್ತೆ ಮತ್ತೆ ಹೇಳುವ ಈ ಹಾಡನ್ನು ಶತಮಾನಗಳ ಕಾಲ ಶನಿವಾರ ಬೆಳಿಗ್ಗೆ, ಬಿಸಿಲಲ್ಲಿ ಹಾಡುತ್ತಿದ್ದರು! ಜಾಗರಣೆ ಹಿಂದೆ ಸರಿಯುತ್ತಾ ಸರಿಯುತ್ತಾ ಹಗಲಿಗೆ ಬಂದುಬಿಟ್ಟಿತ್ತು. 1951ರಲ್ಲಿ ಪೋಪ್ 12ನೇ ಪಯಸ್ ಅದನ್ನು ಮತ್ತೆ ರಾತ್ರಿಗೆ ತಂದರು. ಒಳ್ಳೆಯ ಕೆಲಸವಾಯಿತು.

ಬೈಬಲಿನ ಹಳೆಯ ಒಡಂಬಡಿಕೆಯಿಂದ 7 ವಾಚನಗಳಿವೆ. ಹೊತ್ತಾಯಿತು ಅಂತ ಕೆಲವನ್ನು ಬಿಡಬಹುದು. ಆದರೆ ಇಸ್ರಯೇಲರು ಕಡಲು ದಾಟಿದ ಭಾಗವನ್ನು ಬಿಡುವ ಹಾಗೇ ಇಲ್ಲ. ಹಬ್ಬದ ಬೇರು ಇರುವುದೇ ಅಲ್ಲಿ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿಗೆ ಯೆಹೂದ್ಯರು ಆಚರಿಸುವ ಪಾಸ್ಖ ಹಬ್ಬದ ದಿನಗಳಲ್ಲೇ ಯೇಸು ಸತ್ತು, ಎದ್ದು ಬಂದದ್ದು. ಹಾಗಾಗಿಯೇ ತಾರೀಖು ಇವತ್ತಿಗೂ ಚಂದ್ರನನ್ನು ಬಿಟ್ಟಿಲ್ಲ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರವೇ ಈಸ್ಟರ್. ಹಬ್ಬ ಯಾವ ದಿನ ಅನ್ನುವ ಜಗಳ ಎರಡನೇ ಶತಮಾನದಲ್ಲೇ ಇತ್ತು. ಸ್ಮಿರ್ನದ ಬಿಷಪ್ ಪಾಲಿಕಾರ್ಪ್ ರೋಮ್‌ವರೆಗೂ ಹೋಗಿ ಪೋಪ್ ಅನಿಸೇಟಸ್ ಜತೆ ಮಾತಾಡಿದರು. ಒಪ್ಪಂದವಾಗಲಿಲ್ಲ, ಆದರೂ ಸಮಾಧಾನದಿಂದಲೇ ಬೀಳ್ಕೊಂಡರು. 325ರಲ್ಲಿ ನೈಸಿಯದಲ್ಲಿ ಸೇರಿದ ಬಿಷಪ್‌ಗಳ ಸಭೆ ಎಲ್ಲರಿಗೂ ಒಂದೇ ಭಾನುವಾರ ಇರಲಿ ಅಂದಿತು.

ದೇವರ ಮಹಿಮೆಯ ಹಾಡಾದ ಗ್ಲೋರಿಯ ಶುರುವಾಗುತ್ತಿದ್ದಂತೆ, ಗುರುವಾರದಿಂದ ಸುಮ್ಮನಿದ್ದ ಗಂಟೆಗಳು ಮೊಳಗುತ್ತವೆ. ಆಮೇಲೆ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದುದ್ದಕ್ಕೂ ಬಾಯಿಗೆ ಬಾರದ ‘ಅಲ್ಲೆಲೂಯ’ ಅನ್ನುವ ಸ್ತುತಿ ಬರುತ್ತದೆ. ಹೊಸಬರಿಗೆ ದೀಕ್ಷಾಸ್ನಾನವೂ ಇದೇ ರಾತ್ರಿ. ಬಣ್ಣದ ಮೊಟ್ಟೆಯ ವಿಷಯ ಎಲ್ಲರಿಗೂ ಗೊತ್ತು. ಹಿಂದೆ ಉಪವಾಸದಲ್ಲಿ ಮೊಟ್ಟೆ ತಿನ್ನುವಂತಿರಲಿಲ್ಲ, ಕೋಳಿಗಳಿಗೆ ಅದು ಗೊತ್ತಿರಲಿಲ್ಲ, ಹಬ್ಬದ ಹೊತ್ತಿಗೆ ಮೊಟ್ಟೆ ರಾಶಿಬಿದ್ದಿರುತ್ತಿತ್ತು, ಅಷ್ಟೆ.

ನನ್ನನ್ನು ಜಾಸ್ತಿ ಹಿಡಿದಿಡುವುದು ಮಾರ್ಕನ ಶುಭಸಂದೇಶದ ಆ ಹೆಂಗಸರು. ಸುಗಂಧದ್ರವ್ಯ ಹಿಡಿದು ಯೇಸುವಿನ ಸಮಾಧಿಗೆ ಹೋಗುತ್ತಾ, ಅದರ ಬಾಯಿಗೆ ಮುಚ್ಚಿದ್ದ ಕಲ್ಲನ್ನು ಯಾರು ಉರುಳಿಸಿಕೊಡುತ್ತಾರೆ ಅಂತ ಮಾತಾಡಿಕೊಳ್ಳುತ್ತಾರೆ. ಉತ್ತರ ಸಿಕ್ಕಿರಲಿಲ್ಲ, ಆದರೂ ಹಿಂದಿರುಗಲಿಲ್ಲ. ಅವರಲ್ಲಿ ಒಬ್ಬಳಾದ ಮಗ್ದಲದ ಮರಿಯಳ ಸ್ಮರಣೆಯನ್ನು 2016ರಲ್ಲಿ ಪೋಪ್ ಫ್ರಾನ್ಸಿಸ್ ಪ್ರೇಷಿತರ, ಅಂದರೆ ಯೇಸುವಿನ ಮುಖ್ಯ ಶಿಷ್ಯರ, ಹಬ್ಬಗಳ ಸಾಲಿಗೆ ಏರಿಸಿದರು. ಬಹಳ ತಡವಾಯಿತು ಅಂತಲೇ ನನ್ನ ಅನಿಸಿಕೆ.

ಅಂದಹಾಗೆ, ಈಸ್ಟರ್ ಒಂದೇ ದಿನದ್ದಲ್ಲ, ಪವಿತ್ರಾತ್ಮ ಇಳಿದು ಬಂದ ಹಬ್ಬವಾದ ಪೆಂತೆಕೋಸ್ತ್‌ವರೆಗೆ 50 ದಿನದ್ದು. ತಪಸ್ಸುಕಾಲದ 40 ದಿನಗಳನ್ನು ಕಟ್ಟುನಿಟ್ಟಾಗಿ ಎಣಿಸುವ ನಾವು, ಈ 50 ದಿನಗಳನ್ನು ಸೋಮವಾರಕ್ಕೇ ಮರೆತುಬಿಡುತ್ತೇವೆ, ಅಲ್ವಾ?