ಸಂತ ವೈಟ್‌ ಸಮಾಧಿಯ ಮೂರು ತೂತು

ಮೇ 18, 2024, ಶನಿವಾರ

ಇವತ್ತು ಇಂಗ್ಲೆಂಡಿನ ಡಾರ್ಸೆಟ್ ಕೌಂಟಿಯ ವಿಟ್‌ಚರ್ಚ್ ಕೆನಾನಿಕೋರಮ್‌ಗೆ ಹೋಗಿದ್ದೆ. ಊರು ಪುಟ್ಟದು, ಹೆಸರೇ ಉದ್ದ. ಚರ್ಚ್ ಮಾತ್ರ ಊರಿಗೆ ಜಾಸ್ತಿಯೇ ಆಯಿತು ಅನ್ನುವಷ್ಟು ದೊಡ್ಡದು. ಮಧ್ಯಯುಗದಲ್ಲಿ ಇದರ ಆದಾಯದಲ್ಲಿ ಪಾಲು ಸಾಲ್ಸ್‌ಬರಿ, ವೆಲ್ಸ್ ಕೆಥೆಡ್ರಲ್‌ಗಳ ಪಾದ್ರಿಗಳಿಗೆ ಹೋಗುತ್ತಿತ್ತಂತೆ. ಊರ ಹೆಸರಿನ ಬಾಲ ಅವರದ್ದೇ: ಲ್ಯಾಟಿನ್‌ನಲ್ಲಿ ‘ಕೆನಾನಿಕೋರಮ್’ ಅಂದರೆ ಕ್ಯಾನನ್‌ಗಳ, ಅಂದರೆ ಆ ಪಾದ್ರಿಗಳ.

ನಾನು ಹೋಗಿದ್ದು ಶಿಲುಬೆಯಾಕಾರದ ಚರ್ಚಿನ ಉತ್ತರದ ತೋಳಿನಲ್ಲಿರುವ ಸಂತ ವೈಟ್‌ ಸಮಾಧಿ ನೋಡಲು. 13ನೇ ಶತಮಾನದ್ದು. ಮೇಲೆ ಪರ್ಬೆಕ್ ಮಾರ್ಬಲ್ ಅನ್ನುವ ಡಾರ್ಸೆಟ್‌ನದ್ದೇ ಕಲ್ಲಿನ ಹಾಸು, ಕೆಳಗಿನ ಕಟ್ಟೆಯಲ್ಲಿ ಬಾದಾಮಿ ಆಕಾರದ ಮೂರು ತೂತು. ಕೈಯೋ ಕಾಲೋ ನೋವಿದ್ದವರು ಅದನ್ನು ತೂತಿನೊಳಗೆ ಇಟ್ಟು ಬೇಡಿಕೊಳ್ಳುತ್ತಿದ್ದರು. ಬರಲಾಗದವರ ಬಟ್ಟೆ ಚೂರನ್ನಾದರೂ ತಂದಿಡುತ್ತಿದ್ದರು. ನಮ್ಮಲ್ಲಿ ಬೆಳ್ಳಿ ಕಣ್ಣು, ಬೆಳ್ಳಿ ಕಾಲು ಹರಕೆ ಒಪ್ಪಿಸುವುದಿಲ್ವಾ, ಹಾಗೇ. ಈಗಲೂ ತೂತುಗಳಲ್ಲಿ ಪ್ರಾರ್ಥನೆಯ ಚೀಟಿಗಳಿವೆ. ಒಂದನ್ನೂ ಓದಲಿಲ್ಲ. ಇನ್ನೊಬ್ಬರ ಹರಕೆ ನಮಗ್ಯಾಕೆ?

ಈಕೆ ಯಾರು? ಡೇನರ, ಅಂದರೆ ಡೆನ್ಮಾರ್ಕ್ ಕಡೆಯ ವೈಕಿಂಗರ, ದಾಳಿಗೆ ಸಿಕ್ಕಿ ಸತ್ತ ಸ್ಯಾಕ್ಸನ್ (ಆಗ ಇಂಗ್ಲೆಂಡಿನಲ್ಲಿದ್ದ ಜನಾಂಗ) ಹೆಂಗಸು ಅನ್ನುತ್ತದೆ ಊರ ಕಥೆ. 1900ರಲ್ಲಿ ಗೋಡೆ ಬಿರುಕು ಬಿಟ್ಟಾಗ ಸಮಾಧಿಯೊಳಗೆ ಸೀಸದ ಪೆಟ್ಟಿಗೆ ಸಿಕ್ಕಿತು. ಸಂತ ವೈಟ್‌ಳ ಅವಶೇಷ ಇಲ್ಲಿದೆ ಎಂದು ಅದರ ಮೇಲೆ ಲ್ಯಾಟಿನ್‌ನಲ್ಲಿ ಬರೆದಿತ್ತು. ಒಳಗಿದ್ದದ್ದು ಸುಮಾರು 40 ವಯಸ್ಸಿನ, ಸಣ್ಣ ಆಳಿನ ಹೆಂಗಸಿನ ಮೂಳೆಗಳು.

ಅವು ಉಳಿದದ್ದೇ ದೊಡ್ಡದು. 16ನೇ ಶತಮಾನದಲ್ಲಿ, ದೊರೆ 8ನೇ ಹೆನ್ರಿ ರೋಮಿನ ಪೋಪ್‌ನಿಂದ ಬೇರೆಯಾದ ಮೇಲೆ, ಇಂಗ್ಲೆಂಡಿನ ಸಂತರ ಸಮಾಧಿಗಳನ್ನು ಒಡೆದು ಹಾಕಿದರು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿದ್ದ ಹೆಸರಾಂತ ಸಂತ ಬೆಕೆಟ್‌ನ ಸಮಾಧಿಯೇ 1538ರಲ್ಲಿ ನೆಲಸಮವಾಯಿತು. ಮೂಳೆಗಳ ಸಮೇತ ಉಳಿದದ್ದು ಎರಡೇ ಅಂತಾರೆ: ಇದು, ಮತ್ತು ವೆಸ್ಟ್‌ಮಿನ್‌ಸ್ಟರ್ ಅಬಿಯಲ್ಲಿರುವ ಸಂತನೆನಿಸಿದ ದೊರೆ ಎಡ್ವರ್ಡ್‌ನದ್ದು. ಅವನು ದೊರೆ, ಸರಿ. ಇವಳನ್ನು ಯಾಕೆ ಬಿಟ್ಟರು? ಸಮಾಧಿ ಇಷ್ಟು ಬೋಳಾಗಿದ್ದದ್ದಕ್ಕೇ ಬಚಾವಾಯಿತು ಅನ್ನಿಸುತ್ತದೆ ನನಗೆ. ಯಾರೋ ಜಮೀನ್ದಾರನ ಗೋರಿ ಅಂದುಕೊಂಡಿರಬೇಕು. ಊರವರೂ ಬಾಯಿ ಬಿಟ್ಟಿರಲಾರರು.

ಹೊರಗೆ ಸ್ಮಶಾನದಲ್ಲಿ ಬಲ್ಗೇರಿಯಾದ ಬರಹಗಾರ ಗ್ಯೋರ್ಗಿ ಮಾರ್ಕೊವ್ ಸಮಾಧಿಯೂ ಇದೆ. 1978ರಲ್ಲಿ ಲಂಡನ್‌ನ ವಾಟರ್‌ಲೂ ಸೇತುವೆಯ ಹತ್ತಿರ ಅವರ ಕಾಲಿಗೆ ರೈಸಿನ್ ವಿಷದ ಸಣ್ಣ ಗುಂಡು ಹೊಗಿಸಿ ಕೊಂದರಲ್ಲ, ಅವರೇ. ಕಲ್ಲಿನ ಒಂದು ಮುಖದಲ್ಲಿ ಇಂಗ್ಲಿಷ್, ಇನ್ನೊಂದರಲ್ಲಿ ಬಲ್ಗೇರಿಯನ್. ಆ ಕೊಲೆಗೆ ಇವತ್ತಿಗೂ ಯಾರಿಗೂ ಶಿಕ್ಷೆಯಾಗಿಲ್ಲ.

ಹತ್ತಿರದ ಮಾರ್ಕೊಂಬ್‌ಲೇಕ್‌ನಲ್ಲಿ ವೈಟ್‌ಳ ಹೆಸರಿನ ಬಾವಿಯಿದೆ, ಕಣ್ಣಿನ ತೊಂದರೆಗೆ ಅದರ ನೀರು ಒಳ್ಳೆಯದು ಅಂತ ಹಳೆಯ ನಂಬಿಕೆ. ಮಳೆ ಹಿಡಿದುಕೊಂಡಿತು, ಹೋಗಲಾಗಲಿಲ್ಲ.