ಬೆಲ್‌ಫಾಸ್ಟ್‌ನ ಕ್ರೌನ್ ಬಾರ್: ವೀಕೆಂಡ್ ಸಂಜೆ ಮಾತ್ರ ಹೋಗ್ಬೇಡಿ

ಡಬ್ಲಿನ್ ಕಡೆ ಇರೋ ನಮ್ಮವ್ರಿಗೆ ಮೊದಲೇ ಹೇಳ್ಬಿಡ್ತೀನಿ, ಬೆಲ್‌ಫಾಸ್ಟ್ ಯುಕೆಗೆ ಸೇರಿದ್ದು. ಗಡಿಲಿ ಗೇಟಿಲ್ಲ ಏನಿಲ್ಲ, ಆದ್ರೆ ಇಂಡಿಯನ್ ಪಾಸ್‌ಪೋರ್ಟ್ ಇದ್ರೆ ಐರಿಶ್ ರೆಸಿಡೆನ್ಸ್ ಕಾರ್ಡ್ ಸಾಲಲ್ಲ, ಯುಕೆ ವೀಸಾ ಬೇಕೇ ಬೇಕು. "ಯಾರೂ ಕೇಳಲ್ಲ ಬಾರೋ" ಅನ್ನೋ ಫ್ರೆಂಡ್ಸ್ ಮಾತು ನಂಬ್ಬೇಡಿ, ಬಸ್ ನಿಲ್ಲಿಸಿ ನೋಡೋದೂ ಉಂಟು. ಬಸ್ಸಂತೂ ಬೇಡ್ವೇ ಬೇಡ, ಹೀಟರ್ ಫುಲ್ ಇಟ್ಟಿದ್ರು, ಕಿಟಕಿ ತೆಗೆಯೋಕಾಗಲ್ಲ, ಪಕ್ಕದವನು ಒದ್ದೆ ಜಾಕೆಟ್ ಹಾಕ್ಕೊಂಡೇ ನಿದ್ದೆ ಹೊಡೀತಿದ್ದ. ಟ್ರೈನ್ ಹಿಡೀರಿ, 2024ರಲ್ಲಿ ಶುರುವಾದ ಗ್ರ್ಯಾಂಡ್ ಸೆಂಟ್ರಲ್ ಸ್ಟೇಷನ್‌ನಿಂದ ಕ್ರೌನ್ ಅನ್ನೋ ಈ ಹಳೇ ಪಬ್‌ಗೆ ನಡ್ಕೊಂಡೇ ಹೋಗ್ಬಹುದು.

ರೂಮಿನ ವಿಷ್ಯ ಬೇಡ. ಕ್ರೌನ್‌ಗೆ ಹತ್ರ ಅನ್ನೋ ಒಂದೇ ಕಾರಣಕ್ಕೆ ದುಡ್ಡು ಕಿತ್ಕೊಂಡ್ರು, ಕಿಟಕಿ ತೆಗೆದ್ರೆ ಎದುರಿಗೆ ಗೋಡೆ, ಕೆಳಗಡೆ ಕಿಚನ್ ಎಕ್ಸಾಸ್ಟು, ರಾತ್ರಿಯೆಲ್ಲಾ ಎಣ್ಣೆ ವಾಸನೆ. ಸ್ವಲ್ಪ ದೂರಾನೇ ಮಾಡಿ, ಊರೇನು ದೊಡ್ಡದಲ್ಲ.

ಕ್ರೌನ್‌ಗೆ ಶುಕ್ರವಾರ ಸಂಜೆ ಹೋದಾಗ ಕಾಲಿಡೋಕೆ ಜಾಗ ಇರ್ಲಿಲ್ಲ. ನಂಗೆ ಜನಜಂಗುಳಿ ಆಗಲ್ಲ, ತಲೆ ಎತ್ತಿ ಕೆಂಪು ಬಂಗಾರದ ಸೀಲಿಂಗ್ ನೋಡ್ಕೊಂಡು ಆಚೆ ಬಂದ್ಬಿಟ್ಟೆ. ಶನಿವಾರ ಬಾಗಿಲು ತೆಗೆದ ಹೊತ್ತಿಗೇ ಹೋದ್ರೆ ನಾಲ್ಕೈದು ಜನ ಅಷ್ಟೇ, ಆವಾಗ್ಲೇ ಅದು ಏನು ಅಂತ ಗೊತ್ತಾಗಿದ್ದು. ಪ್ಯಾಟ್ರಿಕ್ ಫ್ಲಾನಗನ್ ಅನ್ನೋ ಮಾಲೀಕ 1880ರ ದಶಕದಲ್ಲಿ ಹೀಗೆ ಸಿಂಗರಿಸಿದ್ದಂತೆ, ಊರಿನ ಚರ್ಚುಗಳ ಕೆಲಸಕ್ಕೆ ಬಂದಿದ್ದ ಇಟಾಲಿಯನ್ ಕುಶಲಕರ್ಮಿಗಳನ್ನ ಕೆಲಸ ಮುಗಿದ ಮೇಲೆ ಕರೆಸಿ ಮಾಡಿಸ್ದ ಅಂತಾರೆ. ಬಣ್ಣದ ಟೈಲ್ಸು, ಬಣ್ಣದ ಗಾಜು, ಕೆತ್ತನೆ ಮರ, ಈಗ್ಲೂ ಉರಿಯೋ ಗ್ಯಾಸ್ ದೀಪ. ಎದುರಿಗಿರೋ ಯುರೋಪಾ ಹೋಟೆಲ್ ಮೇಲೆ, ಬ್ರಿಟನ್ ಪರ ಮತ್ತು ಐರ್ಲೆಂಡ್ ಪರ ಇದ್ದೋರ ನಡುವಿನ ದಶಕಗಳ ಗಲಭೆ ಕಾಲದಲ್ಲಿ, 30ಕ್ಕೂ ಹೆಚ್ಚು ಸಲ ಬಾಂಬ್ ದಾಳಿ ಆಗಿದೆ, ಅದ್ರ ಏಟು ಇದ್ರ ಗಾಜಿಗೂ ತಗಲಿತ್ತು, ಆದ್ರೂ ರಿಪೇರಿ ಮಾಡ್ಕೊಂಡು ಉಳಿಸ್ಕೊಂಡಿದಾರೆ. 1978ರಿಂದ ಹಳೇ ಕಟ್ಟಡಗಳನ್ನ ಕಾಪಾಡೋ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆದು, ಆದ್ರೂ ಟಿಕೆಟ್ ಗಿಕೆಟ್ ಏನಿಲ್ಲ.

ಮೇನ್ ವಿಷ್ಯ ಸ್ನಗ್ಗು. ಬಾಗಿಲು ಇರೋ ಮರದ ಪುಟ್ಟ ಕೋಣೆಗಳು, ಒಟ್ಟು 10, ಎ ಇಂದ ಜೆ ತನಕ ಅಕ್ಷರ ಇದೆ. ಕುಡಿಯೋದು ಯಾರ ಕಣ್ಣಿಗೂ ಬೀಳ್ಬಾರ್ದು ಅನ್ನೋ ಮರ್ಯಾದಸ್ಥರಿಗೆ ಮಾಡಿದ್ದು, ನಮ್ಮ ಹಳೇ ಹೋಟೆಲ್‌ಗಳ ಫ್ಯಾಮಿಲಿ ರೂಮ್ ಇದ್ದಂಗೆ. ಸಪ್ಲೈಯರ್‌ನ ಕರೆಯೋ ಬೆಲ್ಲು, ಬೆಂಕಿಕಡ್ಡಿ ಗೀರೋಕೆ ಲೋಹದ ಪಟ್ಟಿ ಎಲ್ಲಾ ಹಾಗೇ ಇದೆ. ಬಾಗಿಲು ತೆಗೆದ ಹೊತ್ತಿಗೇ ಹೋದ್ರೆ ಸಿಗೋ ಚಾನ್ಸ್ ಜಾಸ್ತಿ. ಸಿಕ್ರೆ ಬಾಗಿಲು ಹಾಕ್ಕೊಂಡು ಕೂತ್ಬಿಡಿ, ಕುಡೀದೇ ಇರೋರು ಕೋಕ್ ಹೇಳಿದ್ರೂ ಆಯ್ತು. ಒಳಗೆ ಹೋಗೋವಾಗ ಬಾಗಿಲ ಹತ್ರ ನೆಲದಲ್ಲಿ ಮೊಸಾಯಿಕ್ ಕಿರೀಟ ನೋಡೋದು ಮರೀಬೇಡಿ. ಫ್ಲಾನಗನ್ ಹೆಂಡ್ತಿ ಬ್ರಿಟಿಷ್ ರಾಣಿ ಪರ, ಕ್ರೌನ್ (ಕಿರೀಟ) ಅಂತಾನೇ ಹೆಸರಿಡಬೇಕು ಅಂತ ಹಟ ಹಿಡಿದ್ಲು, ಬ್ರಿಟಿಷ್ ಆಳ್ವಿಕೆ ಇಷ್ಟವಿಲ್ಲದ ಗಂಡ ಸರಿ ಅಂದು ಕಿರೀಟನ ಜನ ತುಳಿಯೋ ಜಾಗಕ್ಕೇ ಹಾಕಿಸ್ದ ಅಂತ ಕಥೆ, ನಿಜವೋ ಸುಳ್ಳೋ ಮಜವಾಗಿದೆ.

ಊಟ ಮಾತ್ರ ಅಲ್ಲಿ ಬೇಡ, ಸೇಂಟ್ ಜಾರ್ಜಸ್ ಮಾರ್ಕೆಟ್‌ಗೆ ನಡೀರಿ, ಅದೂ ವಿಕ್ಟೋರಿಯಾ ಕಾಲದ್ದೇ. ಮೊಟ್ಟೆ ಹಾಕಿದ ಬೆಲ್‌ಫಾಸ್ಟ್ ಬ್ಯಾಪ್ (ದಪ್ಪ ಬನ್ನು) ತಗೊಳ್ಳಿ, ಮೇಲ್ಗಡೆ ಕಪ್ಪಗೆ ಗರಿಗರಿ, ಒಳಗೆ ಮೆತ್ತಗೆ, ಅರ್ಧ ತಿನ್ನೋದ್ರಲ್ಲೇ ಹೊಟ್ಟೆ ತುಂಬುತ್ತೆ. ಜೊತೆಗೆ ಆಲೂಗಡ್ಡೆ ಬ್ರೆಡ್ಡು, ಕಾವಲಿ ಮೇಲೆ ಬೆಣ್ಣೇಲಿ ಬೇಯಿಸಿ ಕೊಟ್ರು, ಎರಡನೇ ಸಲ ಹೋಗಿ ಇಸ್ಕೊಂಡೆ, ಅಂಗಡಿಯಮ್ಮ ನಕ್ಕೊಂಡು ಒಂದು ತುಂಡು ಜಾಸ್ತೀನೇ ಹಾಕಿದ್ಲು. ಶುಕ್ರ, ಶನಿ, ಭಾನು ಮಾತ್ರ ಮಾರ್ಕೆಟ್ ಇರೋದು, ಪ್ಲಾನ್ ಹಂಗೇ ಮಾಡ್ಕೊಳ್ಳಿ, ಯೂರೋ ಅಲ್ಲ, ಪೌಂಡ್ ಇಟ್ಕೊಂಡು ಹೋಗಿ.