ಕುಣಿಯುವ ಕರಡಿ

ಇವತ್ತು ಬೆಳಗ್ಗೆ ಗೆಳತಿ ಒಂದು ಫೋಟೊ ಕಳಿಸಿದಳು. ಹಿಮಕರಡಿ. ಹಸಿರು ಕಲ್ಲಿನದು. ಒಂಟಿ ಕಾಲಲ್ಲಿ ಕುಣಿಯುತ್ತಿದೆ!

ಕೆತ್ತಿದವರು ಪೌಟಾ ಸೈಲಾ. ಕೆನಡಾದ ಬ್ಯಾಫಿನ್ ದ್ವೀಪದ ತುದಿಗೆ ಹತ್ತಿರದ ಕಿಂಗೈಟ್ ಊರಿನ ಇನ್ಯುಟ್ (ಆರ್ಕ್ಟಿಕ್ ಪ್ರದೇಶದ ಮೂಲನಿವಾಸಿ) ಶಿಲ್ಪಿ, 2009ರಲ್ಲಿ ತೀರಿಕೊಂಡರು.

ನನ್ನ ಕಣ್ಣು ಆ ಪಾದದಿಂದ ಆಚೆ ಹೋಗಲೇ ಇಲ್ಲ. ಅಷ್ಟು ದಪ್ಪ ಹೊಟ್ಟೆ, ಮೇಲೆತ್ತಿದ ಮುಂಗಾಲು, ಇನ್ನೊಂದು ಕಾಲು ಗಾಳಿಯಲ್ಲಿ, ಇಡೀ ಮೈಭಾರ ಆ ಒಂದು ಮೋಟು ಪಾದದ ಮೇಲೆ. ಅಲ್ಲಿನ ಈ ಹಸಿರು ಸರ್ಪೆಂಟೈನ್ ಕಲ್ಲು ಬಳಪದ ಕಲ್ಲಿಗಿಂತ ಗಟ್ಟಿ ಬೇರೆ. ಒಂದು ಕಡೆ ಚೂರು ಜಾಸ್ತಿ ಕೆತ್ತಿದರೂ ಕರಡಿ ಮಗುಚಿಕೊಳ್ಳುತ್ತದೆ, ತೆಗೆದ ಕಲ್ಲನ್ನು ವಾಪಸ್ ಅಂಟಿಸೋಕಾಗಲ್ಲ ಅಲ್ವಾ? ಹಾಗಾಗಿ ಉಳಿ ಇಡೋ ಮೊದಲೇ ತೂಕ ಎಲ್ಲಿ ಕೂರಬೇಕು ಅಂತ ಕೈಗೆ ಗೊತ್ತಿರಬೇಕು.

ಅಲ್ಲಿನವರಿಗೆ ಹಿಮಕರಡಿ ಅಂದರೆ ಊಟ, ಚರ್ಮ, ಜೀವಭಯ ಎಲ್ಲವೂ. ಹಲ್ಲು ಕಿರಿದು ಮೇಲೆ ಬೀಳುವ ಹಾಗೆ ಕೆತ್ತಬಹುದಿತ್ತು. ಈ ಮನುಷ್ಯ ಅದನ್ನು ಮತ್ತೆ ಮತ್ತೆ ಕುಣಿಸಿದರು. ನನಗೆ ಅದೇ ತುಂಬಾ ಇಷ್ಟವಾಯಿತು.

ಕೆನಡಾದಲ್ಲಿರುವ ಗೆಳೆಯರೇ, ಯಾವುದಾದರೂ ಗ್ಯಾಲರಿಯಲ್ಲಿ ಇವರ ಕರಡಿ ಸಿಕ್ಕರೆ ಹಿಂದಿನಿಂದ ಒಂದು ಫೋಟೊ ತೆಗೆದು ಕಳಿಸಿ. ಬೆನ್ನು ಎಷ್ಟು ಬಾಗಿದೆ ಅಂತ ನೋಡಬೇಕು.